ಬೈಸನ್, ಪಿಂಗಾಣಿ, ಗಾಜಿನ ಪೆಟ್ಟಿಗೆ

ಊರಿನಿಂದ ಅಪ್ಪ ಅಮ್ಮ ಬಂದರೆ ನಾವು ಟೊರಾಂಟೊ ಕನ್ನಡಿಗರು ಅವರನ್ನು ಸುತ್ತಾಡಿಸುವ ಪಟ್ಟಿ ಹೆಚ್ಚುಕಡಿಮೆ ಒಂದೇ: ನಯಾಗರಾ, ಸಿ.ಎನ್. ಟವರ್, ಒಂದೆರಡು ದೇವಸ್ಥಾನ, ಮಳೆಯೋ ಚಳಿಯೋ ಆದರೆ ರಾಯಲ್ ಒಂಟಾರಿಯೊ ಮ್ಯೂಸಿಯಂ. ಅಲ್ಲಿ ಡೈನೋಸಾರುಗಳ ಎಲುಬಿನ ಹಂದರಗಳನ್ನು ನೋಡಿ ಕಾಲು ಸೋತು ಹೊರಬಂದವರು ಕ್ವೀನ್ಸ್ ಪಾರ್ಕ್ ರಸ್ತೆ ದಾಟಿ ಎದುರಿನ ಕಟ್ಟಡಕ್ಕೆ ಹೋಗುವುದು ಅಪರೂಪ. ಅದು ಗಾರ್ಡಿನರ್ ಮ್ಯೂಸಿಯಂ, 1984ರಲ್ಲಿ ತೆರೆದದ್ದು. ಅಲ್ಲಿರುವುದೆಲ್ಲ ಮಣ್ಣಿನ ಮತ್ತು ಪಿಂಗಾಣಿಯ ಸಾಮಾನು. ಯುರೋಪಿನ ಶ್ರೀಮಂತರ ಮೇಜಿನ ಮೇಲಿದ್ದ ತಟ್ಟೆ, ಬಟ್ಟಲು, ಹೂಜಿ, ಅಂಗೈಯಗಲದ ಗೊಂಬೆಗಳು. ನಮ್ಮ ಹಿರಿಯರಿಗೆ ತೋರಿಸಿದರೆ "ಇಷ್ಟೊಂದು ಕಪ್ಪು-ಸಾಸರು ನೋಡೋಕ್ಕೆ ಟಿಕೆಟ್ಟಾ?" ಎಂದು ಕೇಳುವುದು ಖಂಡಿತ.

2015ರ ಅಕ್ಟೋಬರಿನಿಂದ ಮುಂದಿನ ಜನವರಿಯವರೆಗೆ ಈ ಪಿಂಗಾಣಿಯ ಮನೆಯೊಳಗೆ ಒಂದು ಬಂಡೆ ಎದ್ದು ನಿಂತಿತ್ತು. ಎತ್ತರ ಸುಮಾರು ಒಂಬತ್ತು ಅಡಿ. ಬಂಡೆಯ ಮೇಲೆ ನಿಜಗಾತ್ರದ ಬೈಸನ್‌ಗಳು. ಅವುಗಳನ್ನು ಅಂಚಿನ ಕಡೆಗೆ ಅಟ್ಟುತ್ತಿರುವ ಒಂದು ಆಳೆತ್ತರದ ಗೊಂಬೆ: ಉದ್ದ ಕೂದಲು, ಎತ್ತರ ಹಿಮ್ಮಡಿಯ ಪಾದರಕ್ಷೆ, ಹೆಣ್ಣೋ ಗಂಡೋ ಎಂದು ಒಂದೇ ನೋಟಕ್ಕೆ ಹೇಳಲಾಗದ ಮೈಕಟ್ಟು. ಕೆಳಗೆ ಬಿದ್ದ ಪ್ರಾಣಿಗಳು ಮಾತ್ರ ಪ್ರಾಣಿಗಳಾಗಿ ಉಳಿದಿಲ್ಲ. ಕೆಳಗಿಳಿದಂತೆ ಅವುಗಳ ಮೈ ಕರಗಿ, ಗೆರೆಯಾಗಿ, ಪಿಕಾಸೊ ಬರೆದ ಗೂಳಿಗಳ ಹಾಗೆ ಆಗಿಬಿಡುತ್ತದೆ. ಬಂಡೆಯ ಬುಡದಲ್ಲಿ ಒಡೆದ ಪಿಂಗಾಣಿಯ ಚೂರುಗಳು. ಕೃತಿಯ ಹೆಸರು 'ದಿ ರೈಸ್ ಅಂಡ್ ಫಾಲ್ ಆಫ್ ಸಿವಿಲೈಸೇಷನ್', ನಾಗರಿಕತೆಯ ಏಳುಬೀಳು. ಮಾಡಿದವರು ಕೆಂಟ್ ಮಂಕ್‌ಮನ್, ಕ್ರೀ ಜನಾಂಗಕ್ಕೆ ಸೇರಿದ ಟೊರಾಂಟೊದ ಕಲಾವಿದರು.

ಕಲೆಯ ಮಾತು ಬಂದಾಗ ನಮ್ಮ ಬಳಗದಲ್ಲಿ "ಇದೆಲ್ಲ ನಮಗೆ ಅರ್ಥವಾಗುವುದಲ್ಲ" ಎಂದು ಪಕ್ಕಕ್ಕೆ ಸರಿಯುವವರೇ ಹೆಚ್ಚು. ಆದರೆ ಈ ಕೃತಿಯನ್ನು ಓದಲು ಕಲಾವಿಮರ್ಶೆಗಿಂತ ಚರಿತ್ರೆ ಬೇಕು. ಬಂಡೆ ಯಾವುದು, ಬೈಸನ್‌ಗಳಿಗೆ ಏನಾಯಿತು, ಪಿಂಗಾಣಿಗೂ ಅವಕ್ಕೂ ಏನು ನಂಟು, ಇದನ್ನೆಲ್ಲ ಡಯೋರಾಮದ ರೂಪದಲ್ಲೇ ಏಕೆ ಹೇಳಬೇಕಿತ್ತು ಎಂಬ ನಾಲ್ಕು ಪ್ರಶ್ನೆಗಳನ್ನು ಹಿಡಿದು ಹೊರಟರೆ, ನಾವು ಮನೆ ಕಟ್ಟಿಕೊಂಡಿರುವ ಈ ದೇಶದ ಅಡಿಪಾಯದವರೆಗೂ ಹೋಗಬಹುದು.

ಮೊದಲಿಗೆ ಒಂದು ಹೆಸರಿನ ಗೊಂದಲ. ನಾಗರಹೊಳೆಯಲ್ಲಿ ನಾವು 'ಬೈಸನ್' ಎನ್ನುವುದು ಕಾಟಿ, ಕಾಡೆಮ್ಮೆ. ಅದು ಬೇರೆ ಪ್ರಾಣಿ. ಇಲ್ಲಿನವರು 'ಬಫಲೋ' ಎನ್ನುವ ಪ್ರಾಣಿಗೂ ನಮ್ಮ ಎಮ್ಮೆಗೂ ಸಂಬಂಧ ಅಷ್ಟಕ್ಕಷ್ಟೆ. ಉತ್ತರ ಅಮೆರಿಕದ ಬೈಸನ್ ಎಂದರೆ ಭುಜದ ಮೇಲೆ ಗುಡ್ಡದಂಥ ಡುಬ್ಬ, ತಲೆ-ಕತ್ತಿನ ತುಂಬ ಜಡೆಗಟ್ಟಿದ ಕೂದಲು, ಹಿಮಗಾಳಿಗೆ ಮುಖವೊಡ್ಡಿ ನಿಲ್ಲಬಲ್ಲ ಹುಲ್ಲುಗಾವಲಿನ ಜೀವ. ಒಂದು ಕಾಲಕ್ಕೆ ಮೂರು ಕೋಟಿ ಇದ್ದವು ಎಂದು ಕೆಲವರು, ಆರು ಕೋಟಿ ಎಂದು ಕೆಲವರು ಅಂದಾಜು ಮಾಡುತ್ತಾರೆ.

ಬಂಡೆಯ ವಿಷಯಕ್ಕೆ ಬರೋಣ. ಆಲ್ಬರ್ಟಾ ಪ್ರಾಂತದ ದಕ್ಷಿಣದಲ್ಲಿ, ಫೋರ್ಟ್ ಮೆಕ್ಲಾಯ್ಡ್ ಎಂಬ ಊರಿನ ಹತ್ತಿರ 'ಹೆಡ್ ಸ್ಮ್ಯಾಷ್ಡ್ ಇನ್ ಬಫಲೋ ಜಂಪ್' ಎಂಬ ಜಾಗವಿದೆ. 1981ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು. ಬ್ಯಾನ್ಫ್‌ಗೆ ಹೋಗುವ ನಮ್ಮವರು ಕ್ಯಾಲ್ಗರಿಯಿಂದ ದಕ್ಷಿಣಕ್ಕೆ ಒಂದು ದಿನ ತಿರುಗಿದರೆ ನೋಡಿಬರಬಹುದು, ನೋಡಿಬರಬೇಕು. ಸುಮಾರು ಆರು ಸಾವಿರ ವರ್ಷಗಳ ಕಾಲ ಅಲ್ಲಿನ ಜನ ಬೈಸನ್ ಹಿಂಡುಗಳನ್ನು ಆ ಬಂಡೆಯಿಂದ ಕೆಳಕ್ಕೆ ಓಡಿಸಿ ಬೇಟೆಯಾಡಿದ್ದಾರೆ. ಕೆಳಗೆ ಶೇಖರವಾಗಿರುವ ಎಲುಬು ಮತ್ತು ಮಣ್ಣಿನ ಪದರದ ಆಳ ಹತ್ತು ಮೀಟರಿಗೂ ಹೆಚ್ಚು.

ಕುದುರೆ ಇಲ್ಲದ, ಬಂದೂಕು ಇಲ್ಲದ ಕಾಲದಲ್ಲಿ ಇದು ಎಂಥ ಕೆಲಸ ಎಂದು ಯೋಚಿಸಿ. ಹಿಂಡು ಮೇಯುವ ಬಯಲಿನಿಂದ ಬಂಡೆಯ ಅಂಚಿನವರೆಗೆ ಕಿಲೋಮೀಟರುಗಟ್ಟಲೆ ಸಣ್ಣ ಸಣ್ಣ ಕಲ್ಲುಗುಪ್ಪೆಗಳ ಎರಡು ಸಾಲು. ಅನುಭವಿ ಓಟಗಾರನೊಬ್ಬ ಬೈಸನ್ ಕರುವಿನ ತೊಗಲು ಹೊದ್ದು, ದಾರಿ ತಪ್ಪಿದ ಕರುವಿನ ಹಾಗೆ ನಟಿಸಿ ಹಿಂಡನ್ನು ಮುಂದಕ್ಕೆ ಸೆಳೆಯುತ್ತಿದ್ದ. ಹಿಂದಿನಿಂದ ತೋಳದ ಚರ್ಮ ಹೊದ್ದ ಕೆಲವರು ಅಂಜಿಸುತ್ತಿದ್ದರು. ಹೆಣ್ಣು ಬೈಸನ್‌ಗಳ ತಾಯ್ತನವನ್ನೂ ಇಡೀ ಹಿಂಡಿನ ಭಯವನ್ನೂ ಒಟ್ಟಿಗೆ ಬಳಸಿಕೊಂಡ ಈ ಉಪಾಯಕ್ಕೆ ಪ್ರಾಣಿಯ ಸ್ವಭಾವವನ್ನು ತಲೆಮಾರುಗಟ್ಟಲೆ ನೋಡಿ ತಿಳಿದ ವಿದ್ಯೆ ಬೇಕಿತ್ತು. ಬಿದ್ದ ಪ್ರಾಣಿಯಿಂದ ಮಾಂಸ, ಗುಡಾರಕ್ಕೆ ಮತ್ತು ಹೊದಿಕೆಗೆ ತೊಗಲು, ದಾರಕ್ಕೆ ನರ, ಆಯುಧಕ್ಕೆ ಎಲುಬು, ಚಮಚಕ್ಕೆ ಕೊಂಬು. ಒಣಗಿಸಿ ಕುಟ್ಟಿದ ಮಾಂಸಕ್ಕೆ ಕೊಬ್ಬು ಸೇರಿಸಿ, ಕೆಲವೊಮ್ಮೆ ಕಾಡುಹಣ್ಣನ್ನೂ ಬೆರೆಸಿ ಮಾಡುವ ಪೆಮಿಕನ್ ಎಂಬ ಬುತ್ತಿ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. (ಬೇಟೆಯ ವಿವರ ಓದಿ ನಮ್ಮಲ್ಲಿ ಕೆಲವರಿಗೆ ಕಸಿವಿಸಿಯಾಗಬಹುದು. ಮುಂದೆ ಬರುವುದು ಇದಕ್ಕಿಂತ ಕಸಿವಿಸಿಯದು.)

ಆರು ಸಾವಿರ ವರ್ಷ ನಡೆದ ಬೇಟೆಯಿಂದ ಮುಗಿಯದ ಹಿಂಡುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಕೆಲವೇ ದಶಕಗಳಲ್ಲಿ ಮುಗಿದವು. ರೈಲು ಬಂತು, ದೂರಕ್ಕೆ ಗುರಿ ಹಿಡಿಯುವ ಬಂದೂಕು ಬಂತು. 1870ರ ದಶಕದ ಆರಂಭದಲ್ಲಿ ಬೈಸನ್ ತೊಗಲನ್ನು ಗಟ್ಟಿ ಚರ್ಮವಾಗಿ ಹದ ಮಾಡುವ ವಿಧಾನ ಕೈಗೆ ಹತ್ತಿತು. ಕಾರ್ಖಾನೆಗಳಲ್ಲಿ ಯಂತ್ರ ತಿರುಗಿಸುವ ಬೆಲ್ಟುಗಳಿಗೆ ಚರ್ಮ ಬೇಕಿತ್ತು. ತೊಗಲು ಸುಲಿದು ದೇಹವನ್ನು ಬಯಲಿನಲ್ಲೇ ಬಿಟ್ಟುಹೋಗುವ ಬೇಟೆ ಅದು. ಮೂಲನಿವಾಸಿಗಳನ್ನು ಮಣಿಸಲು ಅವರ ಆಹಾರವನ್ನೇ ಇಲ್ಲವಾಗಿಸುವುದು ಸುಲಭದ ದಾರಿ ಎಂಬ ಲೆಕ್ಕಾಚಾರ ಅಮೆರಿಕದ ಸೇನಾಧಿಕಾರಿಗಳಲ್ಲಿ ಇತ್ತು. ಕೆನಡಾದ ಬಯಲಿನಲ್ಲಿ 1879ರ ಹೊತ್ತಿಗೆ ಹಿಂಡುಗಳು ಕಾಣಿಸುವುದೇ ನಿಂತಿತು. 1889ರಲ್ಲಿ ವಿಲಿಯಂ ಹಾರ್ನಡೇ ಎಂಬಾತ ಲೆಕ್ಕ ಹಾಕಿದಾಗ ಇಡೀ ಖಂಡದಲ್ಲಿ, ಬೋನಿನಲ್ಲಿದ್ದವನ್ನೂ ಸೇರಿಸಿ, ಉಳಿದದ್ದು 1,091.

ಕೆನಡಾದ ಪಾಲನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಪೌರತ್ವದ ಪರೀಕ್ಷೆಗೆ ಓದುವಾಗ ಪ್ರಥಮ ಪ್ರಧಾನಿ ಸರ್ ಜಾನ್ ಎ. ಮೆಕ್‌ಡೊನಾಲ್ಡ್ ಹೆಸರನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. 1876ರ ಆರನೆಯ ಒಪ್ಪಂದದಲ್ಲಿ ಬರಗಾಲ ಬಂದರೆ ನೆರವು ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತ್ತು. ಬೈಸನ್ ಹೋಗಿ ಹಸಿವು ಬಂದಾಗ ಆ ಧಾನ್ಯವನ್ನೇ ಹಗ್ಗದಂತೆ ಬಳಸಿ, ಬೇರೆಡೆಗೆ ಹೋಗಲು ಒಪ್ಪದವರಿಗೆ ತಡೆಹಿಡಿದದ್ದನ್ನು ಚರಿತ್ರಕಾರ ಜೇಮ್ಸ್ ಡ್ಯಾಶಕ್ 2013ರಲ್ಲಿ ಬಂದ 'ಕ್ಲಿಯರಿಂಗ್ ದ ಪ್ಲೇನ್ಸ್' ಪುಸ್ತಕದಲ್ಲಿ ದಾಖಲೆಗಳ ಸಮೇತ ಬಿಡಿಸಿಟ್ಟಿದ್ದಾರೆ. ಹೀಗೆ ತೆರವಾದ ಬಯಲಿನ ಮೇಲೆಯೇ ಕೆನಡಿಯನ್ ಪೆಸಿಫಿಕ್ ರೈಲು 1885ರಲ್ಲಿ ಪೂರ್ತಿಯಾದದ್ದು. ಬಂಗಾಳ, ಮದ್ರಾಸು, ಮೈಸೂರಿನ ಹತ್ತೊಂಬತ್ತನೆಯ ಶತಮಾನದ ಕ್ಷಾಮಗಳ ಕಥೆ ಓದಿದವರಿಗೆ ಈ ಆಡಳಿತದ ಭಾಷೆ ಹೊಸದಲ್ಲ. 1876-78ರ ಬರ ನಮ್ಮ ಹಳ್ಳಿಗಳನ್ನು ಬರಿದು ಮಾಡುತ್ತಿದ್ದ ಅವೇ ವರ್ಷಗಳು ಇವು.

ಇನ್ನು ಎಲುಬು. ಬಯಲಿನ ತುಂಬ ಬಿಳಿಚಿಕೊಂಡ ಎಲುಬುಗಳು ಉಳಿದವು. ಸಸ್ಕ್ಯಾಚುವನ್ ಪ್ರಾಂತದ ರಾಜಧಾನಿ ರಿಜೈನಾಕ್ಕೆ 1882ರಲ್ಲಿ ವಿಕ್ಟೋರಿಯಾ ರಾಣಿಯ ಗೌರವಾರ್ಥ ಆ ಹೆಸರಿಡುವ ಮೊದಲು ಬಿಳಿಯರು ಅದನ್ನು 'ಪೈಲ್ ಆಫ್ ಬೋನ್ಸ್' ಎಂದು ಕರೆಯುತ್ತಿದ್ದರು. ಕ್ರೀ ಭಾಷೆಯ ಹೆಸರಿನ ಅನುವಾದ ಅದು, ಎಲುಬುಗಳನ್ನು ರಾಶಿ ಹಾಕಿದ ಜಾಗ. ಊರಿನ ನಡುವೆ ಇಂದಿಗೂ ಇರುವ ವಾಸ್ಕಾನಾ ಕೆರೆಯ ಹೆಸರಿನಲ್ಲಿ ಕ್ರೀ ಭಾಷೆಯ ಎಲುಬು ಹಾಗೇ ಉಳಿದುಕೊಂಡಿದೆ. ಹೊಸದಾಗಿ ಬಂದು ನೆಲೆಸಿದ ರೈತರು, ಹಸಿದ ಮೂಲನಿವಾಸಿಗಳು ಮತ್ತು ಮೇಟಿಗಳು ಎಲುಬು ಆರಿಸಿ ಗಾಡಿಗಟ್ಟಲೆ ರೈಲುನಿಲ್ದಾಣಕ್ಕೆ ಸಾಗಿಸಿ ಮಾರಿದರು. ನಮ್ಮ ನೆರೆಯ ಡೆಟ್ರಾಯಿಟ್ಟಿನ ಕಾರ್ಖಾನೆಯೊಂದರಲ್ಲಿ 1892ರ ಸುಮಾರಿಗೆ ತೆಗೆದ ಒಂದು ಫೋಟೋ ಪ್ರಸಿದ್ಧವಾಗಿದೆ. ಬೈಸನ್ ತಲೆಬುರುಡೆಗಳ ಒಂದು ಬೆಟ್ಟ. ತುದಿಯಲ್ಲಿ ಒಬ್ಬ, ಬುಡದಲ್ಲಿ ಒಬ್ಬ, ಕೋಟು ಹ್ಯಾಟು ತೊಟ್ಟ ಇಬ್ಬರು ಗಂಡಸರು. ಮೇಲಿನವನು ಪರ್ವತ ಹತ್ತಿದ ಸಾಹಸಿಯ ಭಂಗಿಯಲ್ಲಿ ನಿಂತಿದ್ದಾನೆ.

ಆ ಎಲುಬಿನಿಂದ ಗೊಬ್ಬರ ಮಾಡಿದರು. ಸುಟ್ಟ ಎಲುಬಿನ ಇದ್ದಿಲಿನಿಂದ ಸಕ್ಕರೆಯನ್ನು ಬೆಳ್ಳಗೆ ಮಾಡಿದರು. ಒಂದಷ್ಟು ಎಲುಬು ಬೂದಿಯಾಗಿ ಪಿಂಗಾಣಿಯೊಳಗೆ ಸೇರಿತು. 'ಬೋನ್ ಚೈನಾ' ಎಂಬ ಹೆಸರನ್ನು ನಾವು ದಿನಾ ಬಳಸುತ್ತೇವೆ, ಅದರೊಳಗಿನ 'ಬೋನ್' ಕಿವಿಗೆ ಬೀಳುವುದಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸ್ಟೋಕ್‌ನಲ್ಲಿ ಸ್ಪೋಡ್ ಮನೆತನದವರು ಹದಕ್ಕೆ ತಂದ ಈ ಪಿಂಗಾಣಿಯಲ್ಲಿ ಸುಟ್ಟ ಎಲುಬಿನ ಬೂದಿ ಅರ್ಧದಷ್ಟಿರಬಹುದು. ಆ ಬಿಳುಪು, ಬೆಳಕಿಗೆ ಹಿಡಿದರೆ ಬೆರಳು ಕಾಣುವ ಆ ತೆಳುವು, ಎರಡೂ ಅದರಿಂದಲೇ. ಮಡಿ ಅಜ್ಜಿಯರು ಪಿಂಗಾಣಿ ಬಟ್ಟಲನ್ನು ಅಡುಗೆಮನೆಯ ಹೊಸಿಲು ದಾಟಿಸದೆ ಇದ್ದದ್ದಕ್ಕೆ ನಾವು ನಕ್ಕಿದ್ದುಂಟು. ಅವರ ಕಾರಣ ಬೇರೆ ಇರಬಹುದು, ಅನುಮಾನ ಮಾತ್ರ ಪೂರ್ತಿ ಸುಳ್ಳಲ್ಲ.

ಮಂಕ್‌ಮನ್ ತಮ್ಮ ಬಂಡೆಯ ಬುಡದಲ್ಲಿ ಪಿಂಗಾಣಿ ಚೂರುಗಳನ್ನು ಹರಡಿದ್ದು ಇದಕ್ಕೆ. ಆಲ್ಬರ್ಟಾದ ಬಂಡೆಯ ಕೆಳಗೆ ಎಲುಬು ಇರುವ ಜಾಗದಲ್ಲಿ ಇಲ್ಲಿ ಚಹಾ ಬಟ್ಟಲಿನ ಚೂರು. ಅದೂ ಎಲ್ಲಿ? ಅಂಥ ಬಟ್ಟಲುಗಳನ್ನು ಗಾಜಿನ ಕಪಾಟಿನಲ್ಲಿ ಜೋಪಾನವಾಗಿಟ್ಟ ಮ್ಯೂಸಿಯಂನ ಒಳಗೇ. ನನ್ನ ಮಟ್ಟಿಗೆ ಈ ಕೃತಿಯ ಅತ್ಯಂತ ತೀಕ್ಷ್ಣವಾದ ಭಾಗ ಬೈಸನ್ ಅಲ್ಲ, ಈ ಚೂರುಗಳು.

ಇಷ್ಟಕ್ಕೂ ಡಯೋರಾಮವೇ ಏಕೆ? ಈ ಪದದ ಹುಟ್ಟು ಮ್ಯೂಸಿಯಂನಲ್ಲಿ ಅಲ್ಲ, ಮನರಂಜನೆಯಲ್ಲಿ. ಮುಂದೆ ಫೋಟೋಗ್ರಫಿಯ ಪಿತಾಮಹರಲ್ಲಿ ಒಬ್ಬನೆನಿಸಿದ ಲೂಯಿ ಡಗೆರ್, ಬೂತಾನ್ ಎಂಬ ಚಿತ್ರಕಾರನ ಜೊತೆಗೂಡಿ 1822ರಲ್ಲಿ ಪ್ಯಾರಿಸ್ಸಿನಲ್ಲಿ 'ಡಯೋರಾಮ' ಎಂಬ ಪ್ರದರ್ಶನಮಂದಿರ ತೆರೆದ. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಮೂಲಕ ಕಾಣುವುದು'. ಸುಮಾರು 22 ಮೀಟರ್ ಅಗಲ, 14 ಮೀಟರ್ ಎತ್ತರದ ತೆಳುಬಟ್ಟೆಯ ಮೇಲೆ ಎರಡೂ ಬದಿಗೆ ಚಿತ್ರ ಬರೆದು, ಹಿಂದುಮುಂದಿನ ಬೆಳಕನ್ನು ಬದಲಾಯಿಸಿದರೆ ನೋಡುತ್ತಿದ್ದಂತೆ ಹಗಲು ರಾತ್ರಿಯಾಗುತ್ತಿತ್ತು. 1839ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಹೆಸರು ಉಳಿಯಿತು, ವಸ್ತು ಬದಲಾಯಿತು. 1890ರಲ್ಲಿ ಮಿಲ್ವಾಕಿಯ ಮ್ಯೂಸಿಯಂನಲ್ಲಿ ಕಾರ್ಲ್ ಏಕ್ಲಿ ಎಂಬ ಯುವಕ ನೀರಿಲಿಯಂಥ ಮಸ್ಕ್‌ರಾಟ್‌ಗಳ ತೊಗಲಿಗೆ ರೂಪ ಕೊಟ್ಟು, ಅವುಗಳ ಜೌಗುನೆಲವನ್ನೂ ಹಿನ್ನೆಲೆಯ ಚಿತ್ರವನ್ನೂ ಸೇರಿಸಿ ಒಂದು ಪೆಟ್ಟಿಗೆ ಮಾಡಿದ. ಇಂದು ನಾವು ಡಯೋರಾಮ ಎನ್ನುವುದು ಹೆಚ್ಚಾಗಿ ಈ ಬಗೆಯದು: ಮುಂದೆ ನಿಜವಾದ ತೊಗಲು, ಹಿಂದೆ ಬಳಿದ ಆಕಾಶ, ನಡುವಿನ ಗೆರೆ ಕಾಣದಂತೆ ಮಾಡುವ ಜಾಣ್ಮೆ, ಎದುರಿಗೆ ಗಾಜು.

ಮೇಲೆ ಹೆಸರು ಬಂದ ಹಾರ್ನಡೇಯ ಕಥೆ ಇಲ್ಲಿಗೆ ಬಹಳ ಮುಖ್ಯ. ಆತ ವಾಷಿಂಗ್ಟನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಪ್ರಾಣಿಗಳ ತೊಗಲಿಗೆ ಜೀವಕಳೆ ಕೊಡುವ ಕಸುಬಿನ ಮುಖ್ಯಸ್ಥ. ಬೈಸನ್ ಮುಗಿದೇಹೋಗುತ್ತಿದೆ, ಮ್ಯೂಸಿಯಂನಲ್ಲಿ ಒಳ್ಳೆಯ ಮಾದರಿಗಳಿಲ್ಲ ಎಂದು ಗಾಬರಿಗೊಂಡ. ಉಳಿದವನ್ನು ಉಳಿಸಲೆಂದು ಏನು ಮಾಡಿದ? 1886ರಲ್ಲಿ ಮೊಂಟಾನಾಗೆ ಹೋಗಿ ಅಳಿದುಳಿದ ಹಿಂಡಿನಿಂದ ಇಪ್ಪತ್ತಕ್ಕೂ ಹೆಚ್ಚು ಬೈಸನ್‌ಗಳನ್ನು ಹೊಡೆದು ತಂದ. ಅವುಗಳಲ್ಲಿ ಆರನ್ನು ಮೊಂಟಾನಾದ ಮಣ್ಣು, ಮೊಂಟಾನಾದ ಹುಲ್ಲಿನ ಸಮೇತ ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ 1888ರಲ್ಲಿ ಜನರ ಮುಂದಿಟ್ಟ. ಜನ ಮುಗಿಬಿದ್ದು ನೋಡಿದರು. 1957ರಲ್ಲಿ ಆ ಪೆಟ್ಟಿಗೆಯನ್ನು ಬಿಚ್ಚಿದಾಗ ತಳದಲ್ಲಿ ಒಂದು ಲೋಹದ ಡಬ್ಬಿ ಸಿಕ್ಕಿತು. ಒಳಗೆ, ಮುಂದೊಂದು ದಿನ ತನ್ನ ಜಾಗದಲ್ಲಿ ಕೂರುವವನಿಗೆ ಹಾರ್ನಡೇ ಬರೆದಿಟ್ಟ ಪತ್ರ. ನಾನು ಮಣ್ಣಾದ ಮೇಲೆ ಇವು ಹಾಳಾಗದಂತೆ ದಯವಿಟ್ಟು ಕಾಪಾಡು ಎಂಬ ಧಾಟಿಯ ಮೊರೆ.

ಈ ಮನುಷ್ಯನನ್ನು ಸುಮ್ಮನೆ ಬೈದುಬಿಡುವುದು ಸುಲಭ. ಆದರೆ ಆತನೇ 1905ರಲ್ಲಿ ಅಮೆರಿಕನ್ ಬೈಸನ್ ಸೊಸೈಟಿ ಕಟ್ಟಿದವರಲ್ಲಿ ಒಬ್ಬ. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ ಹದಿನೈದು ಬೈಸನ್‌ಗಳನ್ನು ರೈಲಿನಲ್ಲಿ ಒಕ್ಲಹೋಮಾದ ಹುಲ್ಲುಗಾವಲಿಗೆ ಕಳಿಸಿ ಬದುಕಿಸಿದವನೂ ಅವನೇ. ಅದಕ್ಕೂ ಒಂದು ವರ್ಷ ಮೊದಲು, 1906ರ ಸೆಪ್ಟೆಂಬರಿನಲ್ಲಿ, ಅದೇ ಮೃಗಾಲಯದ ಮಂಗಗಳ ಮನೆಯಲ್ಲಿ ಓಟಾ ಬೆಂಗಾ ಎಂಬ ಕಾಂಗೋ ದೇಶದ ತರುಣನನ್ನು ಪ್ರದರ್ಶನಕ್ಕಿಟ್ಟ ನಿರ್ದೇಶಕನೂ ಅವನೇ. ಕಪ್ಪುಜನರ ಪಾದ್ರಿಗಳು ಪ್ರತಿಭಟಿಸಿದ ಮೇಲೆ ಅವನನ್ನು ಹೊರಗೆ ಬಿಟ್ಟರು. ಹತ್ತು ವರ್ಷಗಳ ನಂತರ ಓಟಾ ಬೆಂಗಾ ತನ್ನ ಜೀವ ತಾನೇ ಕಳೆದುಕೊಂಡ.

ಪ್ರಾಣಿಗಳ ಪೆಟ್ಟಿಗೆಯ ಪಕ್ಕದಲ್ಲೇ ಮನುಷ್ಯರ ಪೆಟ್ಟಿಗೆಯೂ ಬಂದದ್ದು ಹೀಗೆ. ಅಮೆರಿಕ, ಕೆನಡಾದ ಹಳೆಯ ಮ್ಯೂಸಿಯಂಗಳಲ್ಲಿ ಗ್ರೀಕರು, ರೋಮನ್ನರು ಕಲೆಯ ಮ್ಯೂಸಿಯಂನಲ್ಲಿ ಇದ್ದರೆ, ಮೂಲನಿವಾಸಿಗಳು ಹೆಚ್ಚಾಗಿ ನೈಸರ್ಗಿಕ ಚರಿತ್ರೆಯ ಮ್ಯೂಸಿಯಂನಲ್ಲಿ, ಜಿಂಕೆ, ಕರಡಿ, ಖನಿಜಗಳ ಜೊತೆ. ಗುಡಾರದ ಮುಂದೆ ಬೆಂಕಿ, ತೊಗಲು ಹದಮಾಡುವ ಹೆಂಗಸು, ಬಿಲ್ಲು ಹಿಡಿದ ಗಂಡಸು. ಗೊಂಬೆಗಳಿಗೆ ಹೆಸರಿಲ್ಲ, ದೃಶ್ಯಕ್ಕೆ ಇಸವಿಯಿಲ್ಲ. ಶಾಲೆಯಿಂದ ಬಂದ ಮಕ್ಕಳು ಇವರೆಲ್ಲ ಡೈನೋಸಾರುಗಳ ಹಾಗೆ ಎಂದೋ ಇದ್ದು ಹೋದವರು ಎಂದುಕೊಂಡೇ ಹೊರಬೀಳುತ್ತಿದ್ದರು.

ಹಾಗೆ ನೋಡಿದ ಮಕ್ಕಳಲ್ಲಿ ಮಂಕ್‌ಮನ್ ಒಬ್ಬರು. ಹುಟ್ಟಿದ್ದು 1965ರಲ್ಲಿ ಒಂಟಾರಿಯೊದ ಸೇಂಟ್ ಮೇರೀಸ್‌ನಲ್ಲಿ, ಬೆಳೆದದ್ದು ಮ್ಯಾನಿಟೋಬಾದ ವಿನಿಪೆಗ್‌ನಲ್ಲಿ. ತಂದೆಯ ಕಡೆಯಿಂದ ಫಿಶರ್ ರಿವರ್ ಕ್ರೀ ಸಮುದಾಯಕ್ಕೆ ಸೇರಿದವರು. ವಿನಿಪೆಗ್‌ನಲ್ಲಿರುವ ಮ್ಯಾನಿಟೋಬಾ ಮ್ಯೂಸಿಯಂನ ಬಾಗಿಲಲ್ಲೇ ಭಾರಿ ಡಯೋರಾಮವೊಂದಿದೆ: ಕುದುರೆಯ ಮೇಲಿನ ಮೇಟಿ ಬೇಟೆಗಾರ ಓಡುವ ಬೈಸನ್‌ಗಳನ್ನು ಬೆನ್ನಟ್ಟುವ ದೃಶ್ಯ. ಅದನ್ನು ರೂಪಿಸಿದ ಕ್ಲಾರೆನ್ಸ್ ಟಿಲೆನಿಯಸ್ ಅದ್ಭುತ ಕಲಾವಿದ. 1936ರ ಅಪಘಾತವೊಂದರಲ್ಲಿ ಬಲಗೈ ಹೋದ ಮೇಲೆ ಎಡಗೈಯಲ್ಲಿ ಚಿತ್ರ ಬರೆಯುವುದನ್ನು ಹೊಸದಾಗಿ ಕಲಿತವನು. ಬಾಲ್ಯದಲ್ಲಿ ಆ ಮ್ಯೂಸಿಯಂನ ಡಯೋರಾಮಗಳ ಮುಂದೆ ಮೈಮರೆತು ನಿಲ್ಲುತ್ತಿದ್ದದ್ದನ್ನೂ, ಒಳಗೆ ಕಾಣುವ ಆ ಅಂದಚಂದದ ಬದುಕಿಗೂ ಹೊರಗೆ ವಿನಿಪೆಗ್‌ನ ಬೀದಿಯಲ್ಲಿ ತನ್ನ ಜನ ಬದುಕುತ್ತಿದ್ದ ದುಸ್ಥಿತಿಗೂ ತಾಳೆಯಾಗದೆ ಗೊಂದಲಪಟ್ಟದ್ದನ್ನೂ ಮಂಕ್‌ಮನ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಎರಡರ ನಡುವೆ ಏನು ನಡೆಯಿತು ಎಂಬುದನ್ನು ಯಾವ ಪೆಟ್ಟಿಗೆಯೂ ತೋರಿಸಿರಲಿಲ್ಲ.

ಬಂಡೆಯ ಮೇಲಿನ ಆ ಗೊಂಬೆ ಮಿಸ್ ಚೀಫ್ ಈಗಲ್ ಟೆಸ್ಟಿಕಲ್. ಮಂಕ್‌ಮನ್‌ರ ಇನ್ನೊಂದು ವ್ಯಕ್ತಿತ್ವ, ಅವರ ಬಹುತೇಕ ಕೃತಿಗಳಲ್ಲಿ ಬಂದುಹೋಗುವ ಪಾತ್ರ. ಹೆಸರನ್ನು ಜೋರಾಗಿ ಹೇಳಿದರೆ ಶ್ಲೇಷೆ ತಿಳಿಯುತ್ತದೆ. 'ಮಿಸ್‌ಚೀಫ್' ಎಂದರೆ ತುಂಟತನ, 'ಈಗೋಟಿಸ್ಟಿಕಲ್' ಎಂದರೆ ಅಹಂಕಾರಿ. ನಡುವೆ ಸ್ವಲ್ಪ ಪೋಲಿತನವೂ ಇದೆ, ಬಿಡಿಸಿ ಹೇಳುವುದಿಲ್ಲ. ಹೆಣ್ಣು ಗಂಡು ಎರಡೂ ಆಗಿರುವ ಇಂಥವರಿಗೆ ಅನೇಕ ಮೂಲನಿವಾಸಿ ಸಮಾಜಗಳಲ್ಲಿ ಗೌರವದ ಜಾಗವಿತ್ತು. 1830ರ ದಶಕದಲ್ಲಿ ಬಯಲಿನ ಜನರ ಚಿತ್ರ ಬರೆಯುತ್ತ ತಿರುಗಿದ ಜಾರ್ಜ್ ಕ್ಯಾಟ್ಲಿನ್ ಅಂಥವರನ್ನು ಕಂಡು, ಚಿತ್ರವನ್ನೂ ಬರೆದು, ಈ ಪದ್ಧತಿ ಅಳಿಯಲಿ ಎಂದು ಹಾರೈಸಿದ್ದ. ಅಳಿಯಲಿ ಎಂದು ಆತ ಬಯಸಿದವರನ್ನೇ ಮಂಕ್‌ಮನ್ ಬಂಡೆಯ ನೆತ್ತಿಯ ಮೇಲೆ ನಿಲ್ಲಿಸಿದ್ದಾರೆ. ನಮ್ಮ ಶಿಖಂಡಿ, ಬೃಹನ್ನಳೆಯರನ್ನು ಬಲ್ಲವರಿಗೆ ಈ ಪಾತ್ರ ಅಷ್ಟೇನೂ ಅಪರಿಚಿತ ಅನ್ನಿಸಬಾರದು.

ಪಿಕಾಸೊ ಇಲ್ಲಿಗೆ ಹೇಗೆ ಬಂದ? 1945ರ ಡಿಸೆಂಬರಿನಿಂದ 1946ರ ಜನವರಿಯವರೆಗೆ ಪ್ಯಾರಿಸ್ಸಿನ ಮುರ್ಲೋ ಎಂಬ ಮುದ್ರಣಾಲಯದಲ್ಲಿ ಕುಳಿತು ಆತ ಒಂದೇ ಗೂಳಿಯನ್ನು ಹನ್ನೊಂದು ಹಂತಗಳಲ್ಲಿ ಕಲ್ಲಚ್ಚಿನಲ್ಲಿ ತೆಗೆದ. ಶುರುವಿನಲ್ಲಿ ಮೈತುಂಬಿದ ಗೂಳಿ. ಆಮೇಲೆ ಒಂದೊಂದಾಗಿ ನೆರಳು ಹೋಯಿತು, ಮಾಂಸ ಹೋಯಿತು. ಹನ್ನೊಂದನೆಯದರಲ್ಲಿ ಉಳಿದದ್ದು ಬೆರಳೆಣಿಕೆಯ ಗೆರೆ. ಚಿತ್ರಕಲೆಯ ಪಾಠದಲ್ಲಿ ಇದನ್ನು ಸಾರವನ್ನು ಹುಡುಕಿಕೊಂಡು ಹೋಗುವ ಸಾಧನೆ ಎಂದು ಕೊಂಡಾಡುತ್ತಾರೆ. ಮಂಕ್‌ಮನ್‌ರ ಬಂಡೆಯ ಕೆಳಗೆ ಅದೇ ಸಾಧನೆ ಸಾವಿನ ಹಾಗೆ ಕಾಣುತ್ತದೆ. ಬೈಸನ್‌ಗೂ ಆದದ್ದು ಅದೇ ತಾನೆ? ಹಿಂಡು ಹೋಯಿತು, ಗೆರೆ ಉಳಿಯಿತು. 1905ರಲ್ಲಿ ಮ್ಯಾನಿಟೋಬಾ ತನ್ನ ಲಾಂಛನದಲ್ಲಿ ಬೈಸನ್ ಇಟ್ಟುಕೊಂಡಿತು. 1913ರಿಂದ 1938ರವರೆಗೆ ಅಮೆರಿಕ ತನ್ನ ಐದು ಸೆಂಟಿನ ನಾಣ್ಯದ ಒಂದು ಮುಖದಲ್ಲಿ ಬೈಸನ್, ಇನ್ನೊಂದು ಮುಖದಲ್ಲಿ ಮೂಲನಿವಾಸಿಯ ತಲೆ ಅಚ್ಚು ಹಾಕಿತು. ನಮ್ಮ ಗಂಡಭೇರುಂಡ ಎಂದೂ ಇದ್ದದ್ದೇ ಇಲ್ಲ, ಅದರ ಲಾಂಛನಕ್ಕೆ ಯಾರೂ ಲೆಕ್ಕ ಕೊಡಬೇಕಾಗಿಲ್ಲ. ಇದು ಮಾತ್ರ ಇತ್ತು.

ಇನ್ನೊಂದು ಎಳೆಯೂ ಇದೆ. 1907ರಲ್ಲಿ ಪ್ಯಾರಿಸ್ಸಿನ ತ್ರೊಕಾದೆರೊ ಮ್ಯೂಸಿಯಂನಲ್ಲಿ ವಸಾಹತುಗಳಿಂದ ಬಂದು ಬಿದ್ದಿದ್ದ ಆಫ್ರಿಕದ ಮುಖವಾಡಗಳನ್ನು ನೋಡಿದ ಮೇಲೆ ಪಿಕಾಸೊನ ಕೈ ಬೇರೆಯಾಯಿತು ಎಂಬುದು ಕಲಾಚರಿತ್ರೆಯಲ್ಲಿ ಎಲ್ಲರೂ ಒಪ್ಪಿದ ಮಾತು. ಬೇರೆಯವರ ದೇವರುಗಳಿಂದ ಯುರೋಪಿನ ಆಧುನಿಕರು ಕಡ ಪಡೆದರು; ಮಂಕ್‌ಮನ್ ಆ ಆಧುನಿಕರಿಂದ ಗೂಳಿಯೊಂದನ್ನು ವಾಪಸು ತೆಗೆದುಕೊಂಡಿದ್ದಾರೆ, ಅಷ್ಟೆ.

ಕೃತಿಯ ಬಗ್ಗೆ ನನಗೊಂದು ತಕರಾರೂ ಇತ್ತು. ಬೈಸನ್‌ಗಳನ್ನು ಅಟ್ಟುತ್ತಿರುವುದು ಮಿಸ್ ಚೀಫ್, ಅಂದರೆ ಮೂಲನಿವಾಸಿಯೇ. ಹಾಗಾದರೆ ನಾಶದ ಹೊಣೆ ಯಾರದು? ನೋಡುವವರು "ಅವರೇ ಬಂಡೆಯಿಂದ ತಳ್ಳಿ ಮುಗಿಸಿದರಂತೆ" ಎಂದುಕೊಂಡರೆ? ಹಾಗೆ ಹೇಳುವವರು ಇದ್ದಾರೆ ಕೂಡ. ಯೋಚಿಸಿದಷ್ಟೂ ಅನ್ನಿಸುವುದು, ಮಂಕ್‌ಮನ್ ಆ ಅಪಾಯವನ್ನು ತಿಳಿದೇ ತೆಗೆದುಕೊಂಡಿದ್ದಾರೆ. ಬಂಡೆಯ ಮೇಲಿನ ಅರ್ಧದಲ್ಲಿ ಇರುವುದು ಆರು ಸಾವಿರ ವರ್ಷ ಜನರನ್ನೂ ಪ್ರಾಣಿಗಳನ್ನೂ ಉಳಿಸಿದ ವಿದ್ಯೆ, ಕೆಳಗಿನ ಅರ್ಧದಲ್ಲಿ ಇರುವುದು ಅದರ ನಂತರ ಬಂದದ್ದು. ಹೆಸರಿನಲ್ಲಿರುವ 'ನಾಗರಿಕತೆ' ಯಾವುದು, ಏಳು ಯಾವುದು, ಬೀಳು ಯಾವುದು ಎಂಬುದನ್ನು ನೋಡುವವನು ಬಂಡೆಯ ಯಾವ ಕಡೆ ನಿಂತಿದ್ದಾನೆ ಎಂಬುದರ ಮೇಲೆ ಬಿಟ್ಟಿದ್ದಾರೆ. ಗಾಜಿಲ್ಲದ ಕಾರಣ ನಾವೂ ಆ ದೃಶ್ಯದ ಒಳಗೇ ಇದ್ದೇವೆ.

2017ರಲ್ಲಿ, ಕೆನಡಾ ತನ್ನ 150ನೆಯ ಹುಟ್ಟುಹಬ್ಬ ಆಚರಿಸುತ್ತಿದ್ದ ವರ್ಷ, ಮಂಕ್‌ಮನ್ 'ಶೇಮ್ ಅಂಡ್ ಪ್ರೆಜುಡಿಸ್' ಎಂಬ ದೊಡ್ಡ ಪ್ರದರ್ಶನವನ್ನು ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ತೆರೆದರು. ಆಮೇಲೆ ಅದು ದೇಶವೆಲ್ಲ ಸುತ್ತಿತು. ಅದರಲ್ಲೊಂದು ಡಯೋರಾಮಕ್ಕೆ ಮೂಲ, ಫ್ರಾನ್ಸಿನ ಫ್ರಾಗೊನಾರ್ 1767ರಲ್ಲಿ ಬರೆದ ಉಯ್ಯಾಲೆಯ ಚಿತ್ರ. ಮಂಕ್‌ಮನ್‌ರ ಉಯ್ಯಾಲೆಯಲ್ಲಿ ಮಿಸ್ ಚೀಫ್. ಇಕ್ಕೆಲಗಳಲ್ಲಿ ಬ್ರಿಟಿಷರ ವುಲ್ಫ್, ಫ್ರೆಂಚರ ಮೊಂಕಾಮ್, 1759ರ ಕ್ವಿಬೆಕ್ ಕದನದಲ್ಲಿ ಎದುರುಬದುರಾಗಿ ಹೋರಾಡಿ ಇಬ್ಬರೂ ಸತ್ತ ಸೇನಾನಿಗಳು. ನೆಲ ಯಾರದ್ದೋ, ಜಗಳ ಯಾರದ್ದೋ. ಶ್ರೀರಂಗಪಟ್ಟಣದ ಸುತ್ತ ಇದೇ ಇಬ್ಬರ ಪೈಪೋಟಿಯನ್ನು ಓದಿದ ನಮಗೆ ನಗು ಬರುತ್ತದೆ, ಪೂರ್ತಿ ನಗಲಾಗುವುದಿಲ್ಲ.

ಈ ನಡುವೆ ಮ್ಯೂಸಿಯಂಗಳೂ ಸುಮ್ಮನಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ನೈಸರ್ಗಿಕ ಚರಿತ್ರೆಯ ಮ್ಯೂಸಿಯಂ ಮೂಲನಿವಾಸಿಗಳ ಪುಟ್ಟ ಡಯೋರಾಮಗಳನ್ನು 2010ರಲ್ಲಿ ತೆಗೆದುಹಾಕಿತು. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ, ಡಚ್ಚರೂ ಲೆನಾಪೆ ಜನರೂ ಭೇಟಿಯಾಗುವ ತನ್ನ 1939ರ ಡಯೋರಾಮವನ್ನು ತೆಗೆಯದೆ, ಅದರಲ್ಲಿ ಏನೇನು ತಪ್ಪಿದೆ ಎಂಬುದನ್ನು 2018ರಲ್ಲಿ ಗಾಜಿನ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬರೆಸಿತು. ತೆಗೆದುಹಾಕುವುದಕ್ಕಿಂತ ಈ ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ಖಾಲಿ ಗೋಡೆ ಯಾರಿಗೂ ಏನೂ ಕಲಿಸುವುದಿಲ್ಲ.

ಇದು ನಮಗೆ ಸಂಬಂಧವಿಲ್ಲದ ವಿಷಯ ಎಂದುಕೊಳ್ಳಬೇಡಿ. 1886ರಲ್ಲಿ, ಹಾರ್ನಡೇ ಮೊಂಟಾನಾದಲ್ಲಿ ಬೇಟೆಯಾಡುತ್ತಿದ್ದ ಅದೇ ವರ್ಷ, ಲಂಡನ್ನಿನ ವಸಾಹತು ಮತ್ತು ಭಾರತ ಪ್ರದರ್ಶನದಲ್ಲಿ ಆಳೆತ್ತರದ ಜೇಡಿಮಣ್ಣಿನ ಭಾರತೀಯರೂ ಇದ್ದರು, ಜೀವಂತ ಭಾರತೀಯರೂ ಇದ್ದರು. ಮೂವತ್ತನಾಲ್ಕು ಮಂದಿ ಕುಶಲಕರ್ಮಿಗಳು ಅಲ್ಲಿ ದಿನವಿಡೀ ಕುಳಿತು ಜಮಖಾನೆ ನೇಯುತ್ತ, ಮಡಕೆ ಮಾಡುತ್ತ ಜನರ ಕಣ್ಣಿಗೆ 'ಬದಲಾಗದ ಭಾರತ'ವನ್ನು ತೋರಿಸಬೇಕಿತ್ತು. ಅವರಲ್ಲಿ ಹಲವರು ಆಗ್ರಾ ಜೈಲಿನಲ್ಲಿ ಕಸುಬು ಕಲಿತ ಕೈದಿಗಳು. ಆ ಪೆಟ್ಟಿಗೆಯಲ್ಲಿ ನಮ್ಮವರೂ ಕುಳಿತವರೇ.

ಡಯೋರಾಮ ಎಂಬ ರೂಪವೇ ಕೆಟ್ಟದ್ದಲ್ಲ. ನವರಾತ್ರಿಯಲ್ಲಿ ಮಿಸ್ಸಿಸಾಗಾದ ಬೇಸ್‌ಮೆಂಟುಗಳಲ್ಲಿ ನಾವು ಕೂರಿಸುವ ಗೊಂಬೆಗಳು ಇನ್ನೇನು? ಪಟ್ಟದ ಗೊಂಬೆಗಳು ಮೇಲೆ, ಕೆಳಗಿನ ಮೆಟ್ಟಿಲಲ್ಲಿ ಸಂತೆ, ಮದುವೆ, ರಾಗಿ ಚೆಲ್ಲಿ ಬೆಳೆಸಿದ ಪಾರ್ಕು, ಮಗ ತಂದಿಟ್ಟ ಇಸ್ರೋ ರಾಕೆಟ್ಟು. ನಮ್ಮ ಕಥೆಯನ್ನು ನಾವೇ ಜೋಡಿಸುತ್ತೇವೆ, ಹತ್ತು ದಿನಕ್ಕೆ ಕಳಚುತ್ತೇವೆ, ಮುಂದಿನ ವರ್ಷ ಬೇರೆ ಥರ ಜೋಡಿಸುತ್ತೇವೆ. ಜೋಡಿಸುವ ಕೈ ತನ್ನ ಜನರದ್ದಾಗಲಿ ಎಂಬುದಷ್ಟೇ ಮಂಕ್‌ಮನ್ ಕೇಳುತ್ತಿರುವುದು ಎಂದು ನಾನು ತಿಳಿದಿದ್ದೇನೆ.

ಬೈಸನ್‌ಗಳ ಕಥೆಯೂ ಪೆಟ್ಟಿಗೆಯೊಳಗೇ ಮುಗಿಯಲಿಲ್ಲ. 1870ರ ದಶಕದಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯ ಮೂಲನಿವಾಸಿಗಳು ತಂದು ಸಾಕಿದ ಕೆಲವೇ ಕರುಗಳಿಂದ ಬೆಳೆದ ಹಿಂಡನ್ನು ಕೆನಡಾ ಸರ್ಕಾರ 1907ರಲ್ಲಿ ಕೊಂಡಿತು. ಆ ವಂಶದ ಹದಿನಾರು ಬೈಸನ್‌ಗಳನ್ನು 2017ರ ಫೆಬ್ರವರಿಯಲ್ಲಿ ಬ್ಯಾನ್ಫ್ ಕಾಡಿಗೆ ಬಿಟ್ಟರು. 2019ರ ಡಿಸೆಂಬರಿನಲ್ಲಿ ಸಸ್ಕಟೂನ್ ಹತ್ತಿರದ ವಾನುಸ್ಕೇವಿನ್ ಎಂಬ ಪುರಾತನ ಜಾಗಕ್ಕೂ, ಅಲ್ಲೂ ಬೇಟೆಯ ಬಂಡೆಗಳಿವೆ, ಒಂದು ಸಣ್ಣ ಹಿಂಡು ಬಂತು. ಬೈಸನ್‌ಗಳಿಗೆ ಧೂಳಿನಲ್ಲಿ ಹೊರಳಾಡುವ ಅಭ್ಯಾಸ. 2020ರ ಬೇಸಿಗೆಯಲ್ಲಿ ಅವು ಹೊರಳಾಡಿ, ಗೊರಸಿನಿಂದ ಕೆರೆದು ಹುಲ್ಲು ಕಿತ್ತ ಜಾಗದಲ್ಲಿ ಒಂದು ಕಲ್ಲು ತಲೆಯೆತ್ತಿತು. ಪುರಾತತ್ವಜ್ಞರು ಮಣ್ಣು ಸರಿಸಿ ನೋಡಿದರೆ ಮನುಷ್ಯರು ಕೊರೆದ ಗೆರೆಗಳು. ಸುತ್ತ ಹುಡುಕಿದಾಗ ಒಟ್ಟು ನಾಲ್ಕು ಕೆತ್ತನೆಯ ಕಲ್ಲುಗಳು ಸಿಕ್ಕವು. ಕೆತ್ತಲು ಬಳಸಿದ ಕಲ್ಲಿನ ಚೂರಿ ಪಕ್ಕದಲ್ಲೇ ಬಿದ್ದಿತ್ತು. ಮೊದಲು ಕಂಡ ಆ ಕಲ್ಲಿನ ತೂಕ ಸುಮಾರು 225 ಕಿಲೊ. ಅದರ ಮೇಲೆ ಕೊರೆದಿರುವುದು ಬೈಸನ್‌ನ ಪಕ್ಕೆಲುಬುಗಳು.